ದೂರದೇಶದಲ್ಲಿ ಓದುವ ಮಕ್ಕಳ ಆರೋಗ್ಯ

ಒಂದು ಕಾಲದಲ್ಲಿ ಹಳ್ಳಿಯ ಹುಡುಗನೊಬ್ಬನು ಓದುವುದಕ್ಕಾಗಿ ಧಾರವಾಡಕ್ಕೋ ಮೈಸೂರಿಗೋ ಹೊರಟನೆಂದರೆ, ಮನೆಯವರು ಒಂದು ಟ್ರಂಕು, ಒಂದು ಹಾಸಿಗೆಯ ಸುರುಳಿ, ಒಂದು ಡಬ್ಬಿ ಚಟ್ನಿಪುಡಿ ಕೊಟ್ಟು ಬಸ್ಸು ಹತ್ತಿಸುತ್ತಿದ್ದರು. ಜ್ವರ ಬಂದರೆ ಮರುದಿನ ಸಂಜೆಯೊಳಗೆ ಅವನು ಮನೆಯ ಹಾಸಿಗೆಯಲ್ಲಿರುತ್ತಿದ್ದನು. ಇಂದು ಅದೇ ಹಳ್ಳಿಗಳಿಂದ ಗಂಡುಮಕ್ಕಳೂ ಹೆಣ್ಣುಮಕ್ಕಳೂ ಇಂಗ್ಲೆಂಡು, ಜರ್ಮನಿ, ಆಸ್ಟ್ರೇಲಿಯಾ, ಅಮೆರಿಕಗಳ ವಿಶ್ವವಿದ್ಯಾಲಯಗಳಿಗೆ ಹೋಗುತ್ತಿದ್ದಾರೆ. ಅವರನ್ನು ಕಳುಹಿಸಿಕೊಡುವ ದಂಪತಿಗಳು ಹಣದ ಏರ್ಪಾಡಿಗಾಗಿ ಆರು ತಿಂಗಳು ಅಲೆಯುತ್ತಾರೆ. ಆರೋಗ್ಯದ ಏರ್ಪಾಡನ್ನು ಮಾತ್ರ ಹೊರಡುವ ಹಿಂದಿನ ದಿನ ಔಷಧಿ ಅಂಗಡಿಯಲ್ಲಿ ಹತ್ತು ನಿಮಿಷದಲ್ಲಿ ಮುಗಿಸಿಬಿಡುತ್ತಾರೆ.

ದೇಶ ಬದಲಾದ ಮಾತ್ರಕ್ಕೆ ಕಾಯಿಲೆಗಳು ಅಷ್ಟಾಗಿ ಬದಲಾಗುವುದಿಲ್ಲ. ಜ್ವರ, ಕೆಮ್ಮು, ಹೊಟ್ಟೆನೋವು, ರಕ್ತಹೀನತೆ, ಮನಸ್ಸಿನ ಬೇಸರ ಇಲ್ಲಿಯೂ ಇವೆ, ಅಲ್ಲಿಯೂ ಇವೆ. ಬದಲಾಗುವುದು ಇನ್ನೊಂದು ಸಂಗತಿ. ಮನೆಯಲ್ಲಿದ್ದಾಗ ಮಗುವಿನ ಮುಖ ನೋಡಿದೊಡನೆಯೇ ಮೈ ಬಿಸಿಯಾಗಿದೆಯೆಂದು ತಾಯಿಗೆ ತಿಳಿಯುತ್ತದೆ. ಎರಡು ದಿನ ಊಟ ಸೇರದಿದ್ದರೆ ತಂದೆ ಡಾಕ್ಟರ ಬಳಿಗೆ ಕರೆದೊಯ್ಯುತ್ತಾನೆ. ಪರದೇಶದ ಕೋಣೆಯಲ್ಲಿ ಒಂಟಿಯಾಗಿರುವ ವಿದ್ಯಾರ್ಥಿಯ ಮುಖವನ್ನು ಹಾಗೆ ನೋಡುವವರಿಲ್ಲ. ತನ್ನ ಕಾಯಿಲೆಯನ್ನು ತಾನೇ ಗುರುತಿಸಬೇಕು, ತಾನೇ ಬಾಯಿಬಿಟ್ಟು ಹೇಳಬೇಕು, ತಾನೇ ಡಾಕ್ಟರ ಬಳಿಗೆ ನಡೆಯಬೇಕು. ಇದಕ್ಕೆ ಮಗನನ್ನಾಗಲಿ ಮಗಳನ್ನಾಗಲಿ ಸಿದ್ಧಗೊಳಿಸತಕ್ಕವರು ನೀವು. ಆ ಸಿದ್ಧತೆಯ ಬಹುಭಾಗವು ವಿಮಾನ ಹತ್ತುವುದಕ್ಕೆ ಮುಂಚೆ, ನಿಮ್ಮ ಮನೆಯಲ್ಲಿಯೇ ನಡೆಯಬೇಕಾದುದು.

ಪ್ರತಿಯೊಂದು ದೇಶದ ಕ್ರಮವೂ ಬೇರೆ ಬೇರೆ. ಎಲ್ಲವನ್ನೂ ಹೇಳಹೊರಟರೆ ಯಾವುದೂ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಆದುದರಿಂದ ನಮ್ಮ ವಿದ್ಯಾರ್ಥಿಗಳು ಹೆಚ್ಚಾಗಿ ಹೋಗುವ ದೇಶಗಳಲ್ಲೊಂದಾದ ಇಂಗ್ಲೆಂಡನ್ನು ಇಲ್ಲಿ ಉದಾಹರಣೆಯಾಗಿ ಇಟ್ಟುಕೊಳ್ಳಲಾಗಿದೆ.

ಹೊರಡುವುದಕ್ಕೆ ಮುಂಚೆ

ಆರು ತಿಂಗಳಿಗಿಂತ ಹೆಚ್ಚು ಕಾಲ ಇಂಗ್ಲೆಂಡಿನಲ್ಲಿ ಇರಬಯಸುವ ಭಾರತೀಯರು ವೀಸಾ ಅರ್ಜಿಯೊಂದಿಗೆ ಕ್ಷಯರೋಗವಿಲ್ಲವೆಂಬ ಪ್ರಮಾಣಪತ್ರವನ್ನು ಒಪ್ಪಿಸಬೇಕು. ಈ ಪರೀಕ್ಷೆಯನ್ನು ಆ ಸರ್ಕಾರದ ಮಾನ್ಯತೆ ಪಡೆದ ಚಿಕಿತ್ಸಾಲಯದಲ್ಲಿಯೇ ಮಾಡಿಸಬೇಕು. ಬೆಂಗಳೂರಿನಲ್ಲಿ ಇದಕ್ಕೆ ಅನುಕೂಲವಿದೆ. ಎದೆಯ ಎಕ್ಸ್‌ರೇಯಲ್ಲಿ ಸಂದೇಹ ಕಂಡುಬಂದರೆ ಕಫವನ್ನು ಪರೀಕ್ಷೆಗೆ ಕಳುಹಿಸುತ್ತಾರೆ. ಅದರ ಫಲಿತಾಂಶ ಬರಲು ಎರಡು ತಿಂಗಳವರೆಗೂ ಹಿಡಿಯಬಹುದು. ಪ್ರಮಾಣಪತ್ರಕ್ಕೆ ಆರು ತಿಂಗಳ ಆಯುಸ್ಸಿದೆಯಾದ ಕಾರಣ ಕೊನೆಯ ವಾರದವರೆಗೆ ಕಾಯದೆ ಮೊದಲೇ ಮಾಡಿಸುವುದು ಜಾಣತನ. ಒಂದು ವೇಳೆ ರೋಗವಿದೆಯೆಂದು ತಿಳಿದುಬಂದರೆ ಅದನ್ನು ಮನೆತನದ ಅಪಮಾನವೆಂದು ಬಗೆದು ಮುಚ್ಚಿಡಬಾರದು. ಸಾಮಾನ್ಯವಾಗಿ ಆರು ತಿಂಗಳ ಕ್ರಮಬದ್ಧ ಚಿಕಿತ್ಸೆಯಿಂದ ಕ್ಷಯ ಗುಣವಾಗುತ್ತದೆ; ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧಿ ಉಚಿತ. ಒಂದು ವರ್ಷ ತಡವಾಗಿ ಹೋದರೆ ವಿದ್ಯೆ ಓಡಿಹೋಗುವುದಿಲ್ಲ.

ಲಸಿಕೆಯ ವಿಷಯದಲ್ಲಿ ತಾಯಂದಿರು ಹಳೆಯ ಕಾರ್ಡನ್ನು ಹುಡುಕಿ ತೆಗೆಯಬೇಕು. ದಡಾರದ ಎರಡನೆಯ ಚುಚ್ಚುಮದ್ದು ನಮ್ಮ ದೇಶದ ಕಾರ್ಯಕ್ರಮಕ್ಕೆ ಸೇರಿದುದು 2010ರಿಂದ ಈಚೆಗೆ. 2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ಒಂಬತ್ತು ತಿಂಗಳಿಂದ ಹದಿನೈದು ವರ್ಷದೊಳಗಿನ ಮಕ್ಕಳಿಗೆ ಶಾಲೆಗಳಲ್ಲಿ ದಡಾರ-ರುಬೆಲ್ಲಾ ಲಸಿಕೆ ಹಾಕಿದ್ದನ್ನು ಅನೇಕರು ಬಲ್ಲಿರಿ. ಆ ವಯಸ್ಸನ್ನು ಆಗಲೇ ದಾಟಿದ್ದವರಿಗೆ, ಅಥವಾ ಆ ದಿನ ಶಾಲೆಗೆ ಹೋಗದಿದ್ದವರಿಗೆ, ಒಂದೇ ಚುಚ್ಚುಮದ್ದು ಆಗಿರುವ ಸಂಭವವುಂಟು. ಅದೂ ಅಲ್ಲದೆ ಆ ಲಸಿಕೆಯಲ್ಲಿ ಮಂಗನ ಬಾವಿನ ಅಂಶವಿರಲಿಲ್ಲ. ಮೂರಕ್ಕೂ ರಕ್ಷಣೆ ಕೊಡುವ ಎಂ.ಎಂ.ಆರ್. ಲಸಿಕೆಯ ಎರಡು ಚುಚ್ಚುಮದ್ದುಗಳು ಪೂರ್ಣವಾಗಿರಬೇಕು. ಹಾಸ್ಟೆಲಿನಲ್ಲಿ ಗುಂಪಾಗಿ ವಾಸಿಸುವವರಲ್ಲಿ ಮಿದುಳುಪೊರೆಯ ಉರಿಯೂತ, ಅಂದರೆ ಮೆನಿಂಜೈಟಿಸ್, ಕಾಣಿಸಿಕೊಳ್ಳುವ ಭಯವಿರುವುದರಿಂದ ಅದಕ್ಕೂ ಲಸಿಕೆಯಿದೆ. ಇಂಗ್ಲೆಂಡಿನಲ್ಲಿ ಮೊದಲ ಸಲ ವಿಶ್ವವಿದ್ಯಾಲಯ ಸೇರುವವರಿಗೆ, ಹೊರದೇಶದಿಂದ ಬಂದವರಿಗೂ ಸಹ, ಇಪ್ಪತ್ತೈದು ತುಂಬುವವರೆಗೆ ಇದನ್ನು ಉಚಿತವಾಗಿ ಕೊಡುತ್ತಾರೆ. ಆದರೆ ಕೇಳಿ ಹಾಕಿಸಿಕೊಳ್ಳಬೇಕು. ಆಶಾ ಕಾರ್ಯಕರ್ತೆಯಂತೆ ಮನೆಬಾಗಿಲಿಗೆ ಬಂದು ಕರೆಯುವವರು ಅಲ್ಲಿಲ್ಲ.

ಹಲ್ಲನ್ನು ಮರೆಯಬಾರದು. ಹುಳುಕು ಹಲ್ಲಿದ್ದರೆ ಊರಿನಲ್ಲಿಯೇ ಚಿಕಿತ್ಸೆ ಮಾಡಿಸಿ ಕಳುಹಿಸಿರಿ. ಇಂಗ್ಲೆಂಡಿನಲ್ಲಿ ಹಲ್ಲಿನ ಚಿಕಿತ್ಸೆಗೆ ಬೇರೆ ಹಣ ತೆರಬೇಕು. ಸರ್ಕಾರಿ ದರದಲ್ಲಿ ನೋಡುವ ದಂತವೈದ್ಯರು ದೊರೆಯುವುದೂ ಕಷ್ಟ. ಕನ್ನಡಕ ಹಾಕಿಕೊಳ್ಳುವವರು ಎರಡು ಜೊತೆ ಒಯ್ಯಲಿ. ಹೆಣ್ಣುಮಕ್ಕಳ ರಕ್ತದಲ್ಲಿ ಹಿಮೋಗ್ಲೋಬಿನ್ ಎಷ್ಟಿದೆಯೆಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನೋಡಿಸಿ, ಕಡಿಮೆಯಿದ್ದರೆ ಕಬ್ಬಿಣಾಂಶದ ಮಾತ್ರೆಗಳನ್ನು ಹೊರಡುವುದಕ್ಕೆ ಮೂರು ತಿಂಗಳ ಮುಂಚಿನಿಂದಲೇ ಕೊಡಬೇಕು. ಸುಸ್ತಿನಿಂದ ಓದಲಾಗದೆ, ತನಗೆ ಬುದ್ಧಿ ಕಡಿಮೆಯೆಂದು ತಿಳಿದು ಅಳುವ ಹುಡುಗಿಗೆ ಎಷ್ಟೋ ಸಲ ಕಡಿಮೆಯಾಗಿರುವುದು ರಕ್ತ.

ಮುಚ್ಚಿಟ್ಟ ಕಾಯಿಲೆ

ಇಲ್ಲಿ ದಂಪತಿಗಳೊಡನೆ ಸ್ವಲ್ಪ ಬಿಚ್ಚುಮಾತಿನಲ್ಲಿ ಹೇಳಬೇಕಾದ ಸಂಗತಿಯೊಂದಿದೆ. ಮಗಳಿಗೆ ಬಾಲ್ಯದಲ್ಲಿ ಮೂರ್ಛೆರೋಗ ಬಂದಿತ್ತು, ಮಾತ್ರೆ ತೆಗೆದುಕೊಳ್ಳುತ್ತಿದ್ದಾಳೆ, ನಾಳೆ ಮದುವೆಗೆ ಅಡ್ಡಿಯಾದೀತೆಂದು ನೆಂಟರಿಗೂ ಹೇಳಿಲ್ಲ. ಮಗನಿಗೆ ಉಬ್ಬಸವಿದೆ, ವೀಸಾ ಸಿಕ್ಕದೇ ಹೋದೀತೆಂದು ಹೆದರಿಕೆ. ಇನ್ನೊಬ್ಬನಿಗೆ ಎರಡು ವರ್ಷದ ಹಿಂದೆ ಮನಸ್ಸು ಕುಗ್ಗಿ ಚಿಕಿತ್ಸೆ ನಡೆದಿತ್ತು. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಇಂಥ ಮನೆಗಳಿಂದ ಹೊರಡುವ ಮಕ್ಕಳು "ಯಾರಿಗೂ ಹೇಳಬೇಡ" ಎಂಬ ಬುದ್ಧಿವಾದವನ್ನೂ ಪೆಟ್ಟಿಗೆಯಲ್ಲಿ ಕಟ್ಟಿಕೊಂಡು ಹೋಗುತ್ತಾರೆ.

ಇದರಿಂದಾಗುವ ಅಪಾಯವನ್ನು ಯೋಚಿಸಿರಿ. ಮೂರ್ಛೆರೋಗದ ಮಾತ್ರೆಗಳನ್ನು ಒಮ್ಮೆಗೇ ನಿಲ್ಲಿಸಿದರೆ ಫಿಟ್ಸ್ ಮರಳಿ ಬರುತ್ತದೆ. ನಿದ್ದೆಗೆಟ್ಟರೂ ಬರುತ್ತದೆ; ಪರೀಕ್ಷೆಯ ಕಾಲದಲ್ಲಿ ನಿದ್ದೆಗೆಡದ ವಿದ್ಯಾರ್ಥಿಯುಂಟೇ? ಊರಿನಿಂದ ಒಯ್ದ ಮಾತ್ರೆಗಳು ಮುಗಿದಾಗ, ಅಲ್ಲಿಯ ಡಾಕ್ಟರಿಗೆ ವಿಷಯವೇ ಗೊತ್ತಿಲ್ಲದಿದ್ದರೆ ಹೊಸ ಚೀಟಿ ಬರೆಯುವವರಾರು? ಪಕ್ಕದ ಕೋಣೆಯ ಹುಡುಗಿಗೆ ತಿಳಿಯದಿದ್ದರೆ, ಬಿದ್ದವಳನ್ನು ಒಂದು ಪಕ್ಕಕ್ಕೆ ಹೊರಳಿಸಿ ಮಲಗಿಸುವವರಾರು? ಡಾಕ್ಟರು ರೋಗಿಯ ಗುಟ್ಟನ್ನು ರೋಗಿಯ ಒಪ್ಪಿಗೆಯಿಲ್ಲದೆ ಹೊರಗೆಡಹಬಾರದೆಂಬ ನಿಯಮವನ್ನು ಅಲ್ಲಿ ಕಟ್ಟುನಿಟ್ಟಾಗಿ ಪಾಲಿಸುತ್ತಾರೆ. ಅವರಿಗೆ ಹೇಳಿದ್ದು ನಿಮ್ಮ ಊರಿನ ಕಟ್ಟೆಗೆ ಬರುವುದಿಲ್ಲ.

ಆದುದರಿಂದ ಇದುವರೆಗೆ ನೋಡಿದ ಡಾಕ್ಟರಿಂದ ಇಂಗ್ಲಿಷಿನಲ್ಲಿ ಒಂದು ಪತ್ರ ಬರೆಯಿಸಿಕೊಳ್ಳಿರಿ. ಕಾಯಿಲೆಯ ಹೆಸರು, ಔಷಧಿಯ ಮೂಲ ಹೆಸರು, ದಿನಕ್ಕೆ ಎಷ್ಟು ಎಂಬುದು ಅದರಲ್ಲಿರಲಿ. ಕಂಪನಿಯ ಹೆಸರು ಸಾಲದು. ನಮ್ಮ ಅಂಗಡಿಯಲ್ಲಿ ಮನೆಮಾತಾದ ಹೆಸರು ಅಲ್ಲಿಯ ಅಂಗಡಿಯವನಿಗೆ ಅಪರಿಚಿತ. ನಿದ್ರೆಯ ಮಾತ್ರೆ, ತೀವ್ರ ನೋವಿನ ಮಾತ್ರೆಗಳಲ್ಲಿ ಕೆಲವು ಕಾನೂನಿನ ಹತೋಟಿಗೆ ಒಳಪಟ್ಟಿರುವುದರಿಂದ ಅವುಗಳ ಜೊತೆಗೆ ಪತ್ರ ಇರಲೇಬೇಕು. ಮದ್ದನ್ನು ಕೈಚೀಲದಲ್ಲಿಟ್ಟುಕೊಳ್ಳಲಿ, ದೊಡ್ಡ ಪೆಟ್ಟಿಗೆ ಒಮ್ಮೊಮ್ಮೆ ಬೇರೆ ವಿಮಾನದಲ್ಲಿ ಬೇರೆ ಊರಿಗೆ ಹೋಗಿಬಿಡುತ್ತದೆ. ಪಾದರಸ, ಸೀಸ ಸೇರಿರುವ ಭಸ್ಮಗಳನ್ನೂ ಹೆಸರಿಲ್ಲದ ಪುಡಿಗಳನ್ನೂ "ಶಕ್ತಿಗೆ ಒಳ್ಳೆಯದು" ಎಂದು ಕಟ್ಟಿಕೊಡಬಾರದು.

ಹೆಸರು ಬರೆಯಿಸುವುದು

ವಿದ್ಯಾರ್ಥಿಯು ವೀಸಾ ಅರ್ಜಿಯೊಂದಿಗೇ ಆರೋಗ್ಯ ಸೇವೆಗೆಂದು ಹಣ ಕಟ್ಟಿರುತ್ತಾನೆ. 2024ರ ಫೆಬ್ರವರಿಯಲ್ಲಿ ಇದನ್ನು ವರ್ಷಕ್ಕೆ 776 ಪೌಂಡುಗಳೆಂದು ನಿಗದಿಮಾಡಲಾಯಿತು. ಇಷ್ಟು ಹಣ ಕಟ್ಟಿದವನಿಗೆ ಅಲ್ಲಿಯ ರಾಷ್ಟ್ರೀಯ ಆರೋಗ್ಯ ಸೇವೆಯಲ್ಲಿ ಡಾಕ್ಟರ ಭೇಟಿ, ಆಸ್ಪತ್ರೆಯ ವಾಸ, ಶಸ್ತ್ರಚಿಕಿತ್ಸೆ, ಹೆರಿಗೆ ಇವುಗಳಿಗೆ ಮತ್ತೆ ಹಣ ಕೇಳುವುದಿಲ್ಲ. ಇಂಗ್ಲೆಂಡಿನಲ್ಲಿ ಚೀಟಿಯಲ್ಲಿ ಬರೆದ ಔಷಧಿಗೆ ಮಾತ್ರ ಒಂದೊಂದಕ್ಕೆ ಇಷ್ಟೆಂದು ಶುಲ್ಕವಿದೆ. 2024ರ ಮೇ ತಿಂಗಳಿನಲ್ಲಿ ಅದು 9 ಪೌಂಡು 90 ಪೆನ್ಸ್ ಆಯಿತು. ಸ್ಕಾಟ್ಲೆಂಡು, ವೇಲ್ಸುಗಳಲ್ಲಿ ಆ ಶುಲ್ಕವೂ ಇಲ್ಲ. ಇದನ್ನು ಅರಿಯದೆ, ಖರ್ಚಾದೀತೆಂದು ಹೆದರಿ ನೋವನ್ನು ನುಂಗಿಕೊಂಡಿರುವ ವಿದ್ಯಾರ್ಥಿಗಳಿದ್ದಾರೆ. ಕಟ್ಟಿದ ಹಣದ ಸೇವೆಯನ್ನು ಪಡೆಯುವುದು ದಾನವಲ್ಲ, ಹಕ್ಕು.

ಆದರೆ ಹಣ ಕಟ್ಟಿದ ಮಾತ್ರಕ್ಕೆ ಡಾಕ್ಟರು ಸಿಕ್ಕುವುದಿಲ್ಲ. ವಾಸಿಸುವ ಸ್ಥಳಕ್ಕೆ ಹತ್ತಿರದ ಕುಟುಂಬವೈದ್ಯರ ಚಿಕಿತ್ಸಾಲಯದಲ್ಲಿ, ಜನರು ಜಿ.ಪಿ. ಎಂದು ಕರೆಯುವಲ್ಲಿ, ಹೆಸರು ಬರೆಯಿಸಬೇಕು. ಅದಕ್ಕೆ ಹಣವಿಲ್ಲ. ಈ ಕೆಲಸವನ್ನು ಹೋದ ಮೊದಲ ವಾರದಲ್ಲಿ, ಆರೋಗ್ಯವಾಗಿರುವಾಗಲೇ ಮಾಡತಕ್ಕದ್ದು. ಜ್ವರದಲ್ಲಿ ನಡುಗುತ್ತ ಅರ್ಜಿ ತುಂಬುವುದು ಎಂಥ ಕಷ್ಟವೆಂದು ಊಹಿಸಿಕೊಳ್ಳಿರಿ. ಮಗ ತಲಪಿದ ಸುದ್ದಿ ಕೇಳಿದ ಮೇಲೆ ನೀವು ಕೇಳಬೇಕಾದ ಎರಡನೆಯ ಪ್ರಶ್ನೆ ಇದು: "ಡಾಕ್ಟರ ಹತ್ತಿರ ಹೆಸರು ಬರೆಸಿದೆಯೇನಪ್ಪಾ?"

ಅಲ್ಲಿಯ ಪದ್ಧತಿ ನಮ್ಮದಕ್ಕಿಂತ ಬೇರೆ. ನಮ್ಮಲ್ಲಿ ಹೊಟ್ಟೆನೋವು ಬಂದರೆ ತಾಲ್ಲೂಕು ಪೇಟೆಗೆ ಹೋಗಿ ನೇರವಾಗಿ ತಜ್ಞರ ಮುಂದೆ ಕುಳಿತುಕೊಳ್ಳಬಹುದು. ಅಲ್ಲಿ ಕುಟುಂಬವೈದ್ಯರು ಕಳುಹಿಸಿದರೆ ಮಾತ್ರ ತಜ್ಞರ ಭೇಟಿ. ಅದಕ್ಕೆ ವಾರಗಟ್ಟಲೆ, ಕೆಲವು ಸಲ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಶೀತಜ್ವರಕ್ಕೆ ಡಾಕ್ಟರು ಸೂಜಿ ಹಾಕುವುದಿಲ್ಲ, ಬಣ್ಣದ ಮಾತ್ರೆ ಕೊಡುವುದಿಲ್ಲ. ನೀರು ಕುಡಿದು ವಿಶ್ರಾಂತಿ ಪಡೆಯೆಂದು ಹೇಳಿ ಕಳುಹಿಸುತ್ತಾರೆ. ಇದನ್ನು ಕೇಳಿ ಊರಿನಲ್ಲಿ ಕೆಲವರು "ಅಲ್ಲಿ ಡಾಕ್ಟರೇ ಸರಿಯಿಲ್ಲ" ಎನ್ನುವುದುಂಟು. ಸೂಜಿ ಹಾಕದ ಡಾಕ್ಟರು ಡಾಕ್ಟರೇ ಅಲ್ಲವೆಂಬ ನಮ್ಮ ನಂಬಿಕೆಯನ್ನು ಇಲ್ಲಿಯೂ ಬಿಡುವುದು ಒಳ್ಳೆಯದು. ಸಣ್ಣಪುಟ್ಟ ತೊಂದರೆಗೆ ಮೊದಲು ಔಷಧಿ ಅಂಗಡಿಯ ಫಾರ್ಮಸಿಸ್ಟರನ್ನು ಕೇಳಬಹುದು. 2024ರ ಜನವರಿ ಕೊನೆಯಿಂದ ಇಂಗ್ಲೆಂಡಿನಲ್ಲಿ ಕಿವಿನೋವು, ಗಂಟಲುನೋವು, ಹೆಂಗಸರ ಉರಿಮೂತ್ರ ಮುಂತಾದ ಏಳು ತೊಂದರೆಗಳಿಗೆ ಡಾಕ್ಟರ ಚೀಟಿಯಿಲ್ಲದೆ ಅವರೇ ಔಷಧಿ ಕೊಡುವ ಏರ್ಪಾಡಾಗಿದೆ. ಏನು ಮಾಡಬೇಕೆಂದು ತಿಳಿಯದಿದ್ದರೆ ಹಗಲುರಾತ್ರಿ 111ಕ್ಕೆ ಕರೆ ಮಾಡಬಹುದು. ಎದೆನೋವು, ಉಸಿರುಕಟ್ಟುವಿಕೆ, ಪ್ರಜ್ಞೆ ತಪ್ಪುವಿಕೆ, ನಿಲ್ಲದ ರಕ್ತಸ್ರಾವ, ಬೆಂಕಿಯ ಅಪಘಾತಗಳಿಗೆ 999. ಮಾತು ತೊಡರುವವರಿಗೆ ಆರೋಗ್ಯ ಸೇವೆಯವರು ದುಭಾಷಿಯನ್ನು ಹಣವಿಲ್ಲದೆ ಒದಗಿಸುತ್ತಾರೆ.

ಕೋಣೆ, ಒಲೆ, ಚಳಿ

ಲಂಡನ್ನಿನಲ್ಲಿ ಡಿಸೆಂಬರ್ ತಿಂಗಳಿನಲ್ಲಿ ಬೆಳಿಗ್ಗೆ ಸುಮಾರು 8 ಗಂಟೆಗೆ ಸೂರ್ಯ ಹುಟ್ಟಿ, ಸಂಜೆ 4 ಗಂಟೆಗೆ ಮುಂಚೆಯೇ ಮುಳುಗುತ್ತಾನೆ. ಬಿಸಿಲಿನಿಂದ ಚರ್ಮದಲ್ಲಿ ತಯಾರಾಗುವ ಡಿ ಜೀವಸತ್ವ ಅಲ್ಲಿಯ ಚಳಿಗಾಲದಲ್ಲಿ ಸಾಕಷ್ಟು ತಯಾರಾಗುವುದಿಲ್ಲ. ಆ ದೇಶದ ಆರೋಗ್ಯ ಇಲಾಖೆಯೇ ಶರತ್ಕಾಲ ಮತ್ತು ಚಳಿಗಾಲಗಳಲ್ಲಿ ದಿನಕ್ಕೆ 10 ಮೈಕ್ರೋಗ್ರಾಮ್ ಸೇವಿಸುವಂತೆ ಎಲ್ಲರಿಗೂ ಸಲಹೆ ಮಾಡುತ್ತದೆ. ನಮ್ಮಂತೆ ಕಪ್ಪು ಮೈಬಣ್ಣದವರು ವರ್ಷವಿಡೀ ಸೇವಿಸುವುದು ಮೇಲು.

ಚಳಿಯೆಂದು ಕೋಣೆಯೊಳಗೆ ಇದ್ದಿಲಿನ ಅಗ್ಗಿಷ್ಟಿಕೆಯನ್ನು ಎಂದಿಗೂ ಹೊತ್ತಿಸಬಾರದು. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ತಲೆಸುತ್ತು, ವಾಕರಿಕೆ ಬಂದು, ಮಲಗಿದವರು ಏಳದೇ ಹೋಗಬಹುದು. ಮಲೆನಾಡಿನ ಮಳೆಗಾಲದಲ್ಲಿಯೂ ಈ ಮಾತು ಅಷ್ಟೇ ನಿಜ. ಕೆಟ್ಟ ಬಾಯ್ಲರಿನಿಂದಲೂ ಇದೇ ಅನಿಲ ಹೊರಡುತ್ತದೆ. 2022ರ ಅಕ್ಟೋಬರ್ 1ರಿಂದ ಇಂಗ್ಲೆಂಡಿನ ಬಾಡಿಗೆ ಮನೆಗಳಲ್ಲಿ ಬಾಯ್ಲರ್ ಇರುವ ಕೋಣೆಯಲ್ಲಿ ಈ ಅನಿಲವನ್ನು ಪತ್ತೆಹಚ್ಚುವ ಎಚ್ಚರಿಕೆ ಗಂಟೆಯನ್ನೂ, ಪ್ರತಿ ಅಂತಸ್ತಿನಲ್ಲಿ ಹೊಗೆಯ ಗಂಟೆಯನ್ನೂ ಮಾಲೀಕನು ಇರಿಸಬೇಕೆಂದು ಕಾನೂನಿದೆ. ಒಗ್ಗರಣೆಯ ಹೊಗೆಗೆ ಕೂಗುತ್ತದೆಂದು ಆ ಗಂಟೆಗೆ ಬಟ್ಟೆ ಕಟ್ಟುವ ಹುಡುಗರಿದ್ದಾರೆ. ಹಾಗೆ ಮಾಡಬಾರದು, ಕಿಟಕಿ ತೆರೆದು ಒಗ್ಗರಣೆ ಹಾಕಲಿ.

ಅಡಿಗೆ ಕಲಿಸಿ ಕಳುಹಿಸಿರಿ, ಗಂಡುಮಕ್ಕಳಿಗೂ ಕಲಿಸಿರಿ. ಅನ್ನ, ಸಾರು, ಪಲ್ಯ, ಚಪಾತಿ ಮಾಡಬಲ್ಲವನು ಬ್ರೆಡ್ಡಿನ ಮೇಲೆ ದಿನ ದೂಡುವುದಿಲ್ಲ. ಜೊತೆಗೆ ಒಂದು ಎಚ್ಚರಿಕೆ: ಮಾಡಿದ ಅನ್ನವನ್ನು ರಾತ್ರಿಯೆಲ್ಲ ಒಲೆಯ ಮೇಲೆಯೇ ಬಿಟ್ಟು ಬೆಳಿಗ್ಗೆ ಚಿತ್ರಾನ್ನ ಮಾಡುವುದು ನಮ್ಮ ಮನೆಗಳ ರೂಢಿ. ಹಾಗೆ ಬಿಟ್ಟ ಅನ್ನದಲ್ಲಿ ಕೆಲವು ರೋಗಾಣುಗಳು ವಿಷವನ್ನು ಉತ್ಪತ್ತಿಮಾಡುತ್ತವೆ. ಮತ್ತೆ ಬಿಸಿಮಾಡಿದರೂ ಅದು ಹೋಗುವುದಿಲ್ಲ. ಉಳಿದ ಅನ್ನವನ್ನು ಒಂದು ಗಂಟೆಯೊಳಗೆ ಆರಿಸಿ ಫ್ರಿಜ್ಜಿನಲ್ಲಿಟ್ಟು, ಮರುದಿನವೇ ಹಬೆಯಾಡುವಂತೆ ಒಂದೇ ಸಲ ಬಿಸಿಮಾಡಿ ಉಣ್ಣಬೇಕು.

ನೋವು ಜ್ವರಗಳಿಗೆ ಪ್ಯಾರಾಸಿಟಮಾಲ್ ಒಳ್ಳೆಯ ಮಾತ್ರೆಯೇ ಹೌದು. ಆದರೆ ಊರಿನಿಂದ ಒಯ್ದ 650 ಮಿಲಿಗ್ರಾಮಿನ ಮಾತ್ರೆ, ಅಲ್ಲಿ ಕೊಂಡ 500 ಮಿಲಿಗ್ರಾಮಿನ ಮಾತ್ರೆ, ನೆಗಡಿಗೆಂದು ಬಿಸಿನೀರಿನಲ್ಲಿ ಕಲಸಿ ಕುಡಿಯುವ ಪುಡಿ, ಇವೆಲ್ಲದರಲ್ಲಿಯೂ ಅದೇ ಮದ್ದು ಇರಬಹುದು. ಒಂದು ದಿನಕ್ಕೆ ಎಲ್ಲ ಸೇರಿ 4 ಗ್ರಾಮನ್ನು ಮೀರಿದರೆ ಪಿತ್ತಜನಕಾಂಗಕ್ಕೆ ಹಾನಿಯಾಗುತ್ತದೆ. ಡಬ್ಬಿಯ ಮೇಲಿನ ಸಣ್ಣ ಅಕ್ಷರವನ್ನು ಓದುವ ಅಭ್ಯಾಸವನ್ನು ಮನೆಯಲ್ಲಿಯೇ ಮಾಡಿಸಿರಿ.

ಮೇಲೆ ಹೇಳಿದ ಮೆನಿಂಜೈಟಿಸ್ ಮೊದಲಿಗೆ ಸಾಧಾರಣ ಜ್ವರದಂತೆಯೇ ಕಾಣುತ್ತದೆ. ತೀವ್ರ ತಲೆನೋವು, ಕತ್ತು ಬಿಗಿಯುವುದು, ಬೆಳಕು ಸಹಿಸದಿರುವುದು, ವಾಂತಿ, ಕೈಕಾಲು ತಣ್ಣಗಾಗುವುದು, ಮಂಪರು, ಗಾಜಿನ ಲೋಟದಿಂದ ಒತ್ತಿದರೂ ಮಾಸದ ಕಲೆಗಳು ಇದರ ಲಕ್ಷಣಗಳು. ಕಪ್ಪು ಮೈಯಲ್ಲಿ ಕಲೆ ಕಾಣುವುದು ಕಷ್ಟವಾದುದರಿಂದ ಅಂಗೈ, ಅಂಗಾಲು, ರೆಪ್ಪೆಯ ಒಳಭಾಗಗಳನ್ನು ನೋಡಬೇಕು. ಎಲ್ಲ ಲಕ್ಷಣಗಳೂ ಕೂಡಲೆಂದು ಕಾಯಬಾರದು. ಇದು ಬೆಳಿಗ್ಗೆಯವರೆಗೆ ಕಾಯಬಹುದಾದ ಕಾಯಿಲೆಯಲ್ಲ. ಕೋಣೆಯ ಬಾಗಿಲು ಹಾಕಿಕೊಂಡು ಮಲಗದೆ ಪಕ್ಕದವರನ್ನು ಎಬ್ಬಿಸಿ 999ಕ್ಕೆ ಕರೆ ಮಾಡಿಸಬೇಕು.

ಪ್ರಾಯದ ಮಾತು

ಓದಲು ಹೋಗುವವರು ಪ್ರಾಯದವರು. ಕೆಲವರಿಗೆ ಆಗಲೇ ಮದುವೆಯಾಗಿರುತ್ತದೆ. 2024ರ ಜನವರಿಯಿಂದ ಇಂಗ್ಲೆಂಡಿನಲ್ಲಿ ಸಂಶೋಧನೆಯ ಉನ್ನತ ಪದವಿಗೆ ಸೇರಿದವರನ್ನೂ ಸರ್ಕಾರಿ ವಿದ್ಯಾರ್ಥಿವೇತನದವರನ್ನೂ ಬಿಟ್ಟರೆ, ಬೇರೆ ವಿದ್ಯಾರ್ಥಿಗಳು ಗಂಡನನ್ನಾಗಲಿ ಹೆಂಡತಿಯನ್ನಾಗಲಿ ಜೊತೆಗೆ ಕರೆದೊಯ್ಯುವಂತಿಲ್ಲ. ಆದುದರಿಂದ ಮಗುವನ್ನು ಯಾವಾಗ ಪಡೆಯಬೇಕೆಂಬುದನ್ನು ದಂಪತಿಗಳು ಹೊರಡುವ ಮುನ್ನವೇ ಮಾತನಾಡಿಕೊಳ್ಳಬೇಕು. ಗರ್ಭನಿರೋಧಕ ಸಲಹೆಯೂ ಸಾಧನಗಳೂ ಅಲ್ಲಿಯ ಆರೋಗ್ಯ ಸೇವೆಯಲ್ಲಿ ಉಚಿತ. ಲೈಂಗಿಕ ರೋಗಗಳ ತಪಾಸಣೆಯೂ ಎಚ್.ಐ.ವಿ. ಪರೀಕ್ಷೆಯೂ ಉಚಿತ, ಗೋಪ್ಯ. ಮದುವೆಯಾಗದ ಮಕ್ಕಳಿಗೆ ಈ ಮಾತು ಬೇಕೇ ಎಂದು ಕೆಲವರು ಕೇಳಬಹುದು. ತಿಳಿವಳಿಕೆಯಿಂದ ಯಾರೂ ಕೆಟ್ಟವರಿಲ್ಲ. ತಿಳಿಯದೆ ಭಯದಿಂದ ಬಚ್ಚಿಟ್ಟು ಕಷ್ಟಕ್ಕೆ ಸಿಕ್ಕಿದವರುಂಟು. ತಂದೆ ಮಗನಿಗೂ ತಾಯಿ ಮಗಳಿಗೂ ಒಂದು ಸಂಜೆ ಹೇಳಿದರೆ ಸಾಕು. ಯಾರೋ ತಂದುಕೊಟ್ಟ, ತೆರೆದಿಟ್ಟುಹೋದ ಪಾನೀಯವನ್ನು ಕುಡಿಯಬಾರದೆಂಬುದನ್ನೂ ಅದೇ ಸಂಜೆ ಹೇಳಬಹುದು.

ಫೋನಿನ ಮಾತು

ಒಂದು ಸಂಸಾರವನ್ನು ಊಹಿಸಿಕೊಳ್ಳಿರಿ. ಮನೆಯನ್ನು ಬ್ಯಾಂಕಿಗೆ ಒತ್ತೆಯಿಟ್ಟು ಮಗಳನ್ನು ಕಳುಹಿಸಿದ್ದಾರೆ. ಪ್ರತಿ ರಾತ್ರಿ ಫೋನು.

"ಊಟ ಆಯ್ತೇನಮ್ಮಾ?"

"ಆಯ್ತಮ್ಮ."

"ಹುಷಾರಾಗಿದ್ದೀಯಾ?"

"ಹೂಂ, ಚೆನ್ನಾಗಿದ್ದೀನಿ. ಅಪ್ಪ ಎಲ್ಲಿ?"

"ಬ್ಯಾಂಕಿನೋರು ಬಂದಿದ್ರು, ಅವರ ಜೊತೆ ಮಾತಾಡ್ತಾ ಇದ್ದಾರೆ. ನೀನೇನೂ ಯೋಚನೆ ಮಾಡ್ಬೇಡ."

ಮಗಳು ಊಟ ಮಾಡಿಲ್ಲ. ಮೂರು ದಿನದಿಂದ ತರಗತಿಗೂ ಹೋಗಿಲ್ಲ. ಅಂಗಡಿಯಲ್ಲಿ ರಾತ್ರಿ ಪಾಳಿ ಮಾಡಿ ಹಗಲು ಎಚ್ಚರವಾಗದೆ ಮಲಗಿದ್ದಾಳೆ. ಪದವಿ ವಿದ್ಯಾರ್ಥಿಗಳು ತರಗತಿ ನಡೆಯುವ ಕಾಲದಲ್ಲಿ ವಾರಕ್ಕೆ 20 ಗಂಟೆ ಮಾತ್ರ ಸಂಬಳದ ಕೆಲಸ ಮಾಡಬಹುದೆಂಬ ನಿಯಮವನ್ನು ಅವಳು ಮೀರುತ್ತಿದ್ದಾಳೆ. ಸಿಕ್ಕಿಬಿದ್ದರೆ ವೀಸಾ ಹೋದೀತೆಂಬ ಭಯವೂ ಇದೆ. ಆದರೆ ಮೇಲಿನ ಮಾತಿನಲ್ಲಿ ಅವಳು ಇದನ್ನು ಹೇಳಲು ಎಲ್ಲಿಯಾದರೂ ಜಾಗವಿತ್ತೇ? ತಾಯಿ ಕೇಳಿದ ಎರಡು ಪ್ರಶ್ನೆಗಳಿಗೂ ಉತ್ತರ ಮೊದಲೇ ಸಿದ್ಧವಾಗಿತ್ತು. ಸಾಲದ ಸುದ್ದಿ ಕೇಳಿದ ಮೇಲಂತೂ ಬಾಯಿ ಪೂರ್ತಿ ಮುಚ್ಚಿಹೋಯಿತು.

ಹೀಗೆ ಕೇಳಿ ನೋಡಿರಿ: ಇವತ್ತು ಏನು ಅಡಿಗೆ ಮಾಡಿದೆ? ನಿನ್ನೆ ಎಷ್ಟು ಹೊತ್ತಿಗೆ ಮಲಗಿದೆ? ಈ ವಾರ ಯಾರ ಜೊತೆ ಕೂತು ಊಟ ಮಾಡಿದೆ? ಹೂಂ, ಉಹೂಂ ಎಂದು ಮುಗಿಸಲಾಗದ ಪ್ರಶ್ನೆಗಳಿವು. ನಿದ್ದೆ ತಲೆಕೆಳಗಾಗುವುದು, ಊಟ ಬಿಡುವುದು, ವಾರಗಟ್ಟಲೆ ಯಾರ ಹೆಸರನ್ನೂ ಹೇಳದಿರುವುದು, ಮುಖ ತೋರಿಸುವ ಕರೆಯನ್ನು ತಪ್ಪಿಸುವುದು, "ನನ್ನಿಂದ ನಿಮಗೆ ಕಷ್ಟ" ಎಂಬ ಮಾತು ಪದೇಪದೇ ಬರುವುದು, ಇವು ಮನೆನೆನಪಿನ ಸಾಧಾರಣ ಬೇಸರವನ್ನು ದಾಟಿದ ಲಕ್ಷಣಗಳು. ಆಗ ಗದರಿಸಬಾರದು, ಹರಕೆ ಹೊತ್ತು ಸುಮ್ಮನಾಗಲೂಬಾರದು. ಅಲ್ಲಿಯ ಕುಟುಂಬವೈದ್ಯರೂ ವಿಶ್ವವಿದ್ಯಾಲಯದ ಆಪ್ತಸಲಹೆಗಾರರೂ ಈ ತೊಂದರೆಯನ್ನು ದಿನವೂ ನೋಡುವವರು. ಇಂಗ್ಲೆಂಡಿನಲ್ಲಿ 111ಕ್ಕೆ ಕರೆ ಮಾಡಿ 2 ಒತ್ತಿದರೆ ಮನಸ್ಸಿನ ತುರ್ತು ತೊಂದರೆಗೆ ನೆರವು ದೊರೆಯುತ್ತದೆ. ಸಮಾರಿಟನ್ಸ್ ಎಂಬ ಸಂಸ್ಥೆಯವರು 116 123ರಲ್ಲಿ ಹಗಲುರಾತ್ರಿ ಹಣವಿಲ್ಲದೆ ಮಾತು ಕೇಳುತ್ತಾರೆ. ಪ್ರಾಣ ಕಳೆದುಕೊಳ್ಳುವ ಮಾತು ಬಂದರೆ ಮಗಳನ್ನು ಒಂಟಿಯಾಗಿ ಬಿಡದಂತೆ ಸ್ನೇಹಿತೆಯನ್ನು ಕೂಡಲೇ ಕೋಣೆಗೆ ಕಳುಹಿಸಬೇಕು. ದೂರದಲ್ಲಿ ಕುಳಿತು ದಿಗಿಲುಗೊಂಡ ತಂದೆತಾಯಿಗಳಿಗೂ ಸಹಾಯವುಂಟು: 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯ 14416ಕ್ಕೆ ಊರಿನಿಂದ ಕರೆ ಮಾಡಿ ಕನ್ನಡದಲ್ಲಿಯೇ ಸಲಹೆ ಪಡೆಯಬಹುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಇದರ ಮುಖ್ಯ ಕೇಂದ್ರ.

ಹೊರಡುವ ಮುನ್ನವೇ ಗಂಡಹೆಂಡಿರು ಒಟ್ಟಿಗೆ ಕುಳಿತು ಮಕ್ಕಳಿಗೆ ಹೇಳಬೇಕಾದ ಮಾತೊಂದಿದೆ. ಓದು ಅರ್ಧಕ್ಕೆ ನಿಂತರೂ ಮನೆಗೆ ಬರಬಹುದು, ಸಾಲದ ಚಿಂತೆ ನಮ್ಮದು ಎಂಬುದು ಆ ಮಾತು. ಹೇಳುವುದು ಕಷ್ಟ, ಒತ್ತೆಯಿಟ್ಟ ಮನೆಯೊಳಗೆ ಕುಳಿತು ಹೇಳುವುದು ಇನ್ನೂ ಕಷ್ಟ. ಆದರೂ ತಂದೆಯ ಬಾಯಿಂದಲೇ ಬರಬೇಕು. ತಾಯಿ ಹೇಳಿದರೆ ಅದು ಮಮತೆಯ ಮಾತೆಂದು ಮಕ್ಕಳು ಬದಿಗಿಡುತ್ತಾರೆ.

ಕಾಗದಪತ್ರ ಮತ್ತು ಗೋಡೆಯ ಮೇಲಿನ ಹಾಳೆ

2022ರ ಫೆಬ್ರವರಿ 24ರಂದು ಉಕ್ರೇನಿನಲ್ಲಿ ಯುದ್ಧ ಆರಂಭವಾದಾಗ ಸಾವಿರಾರು ಭಾರತೀಯ ವೈದ್ಯಕೀಯ ವಿದ್ಯಾರ್ಥಿಗಳು ಅಲ್ಲಿದ್ದರು. ಮಾರ್ಚ್ 1ರಂದು ಹಾರ್ಕೀವ್ ನಗರದ ಮೇಲಿನ ದಾಳಿಯಲ್ಲಿ ನಮ್ಮ ಹಾವೇರಿ ಜಿಲ್ಲೆಯ ಹುಡುಗನೊಬ್ಬನು ಪ್ರಾಣ ಕಳೆದುಕೊಂಡನು. ಯುದ್ಧವನ್ನು ತಂದೆತಾಯಿಗಳು ತಡೆಯಲಾರರು. ಆದರೆ ಮಗು ಯಾವ ಊರಿನ ಯಾವ ಕಟ್ಟಡದಲ್ಲಿದೆಯೆಂಬುದು ನಮ್ಮ ರಾಯಭಾರ ಕಚೇರಿಗೆ ತಿಳಿದಿರುವಂತೆ ಮಾಡಬಹುದು. ವಿದೇಶಾಂಗ ಸಚಿವಾಲಯದ ‘ಮದದ್’ ವ್ಯವಸ್ಥೆಯಲ್ಲಿ ವಿದ್ಯಾರ್ಥಿಯ ಹೆಸರು, ವಿಳಾಸ ಬರೆಯಿಸಲು ಹಣವಿಲ್ಲ. ಯಾವ ದೇಶಕ್ಕೆ ಹೋಗುವವರಾದರೂ ಇದನ್ನು ಬಿಡಬಾರದು.

ಇನ್ನೊಂದು ಸಂಗತಿ ಹಲವರಿಗೆ ತಿಳಿದಿಲ್ಲ. ಹದಿನೆಂಟು ದಾಟಿದ ವಿದ್ಯಾರ್ಥಿಯ ಆರೋಗ್ಯದ ವಿಚಾರವನ್ನು ಅಲ್ಲಿಯ ಆಸ್ಪತ್ರೆಯಾಗಲಿ ವಿಶ್ವವಿದ್ಯಾಲಯವಾಗಲಿ ಅವನ ಒಪ್ಪಿಗೆಯಿಲ್ಲದೆ ತಂದೆತಾಯಿಗಳಿಗೂ ಹೇಳುವುದಿಲ್ಲ. ತುರ್ತಿನಲ್ಲಿ ಯಾರಿಗೆ ತಿಳಿಸಬೇಕೆಂದು ಕೇಳುವ ಅರ್ಜಿಯಲ್ಲಿ ಮನೆಯ ಫೋನ್ ಸಂಖ್ಯೆಯನ್ನು ಮಗ ಅಥವಾ ಮಗಳು ತಾನೇ ಬರೆದಿರಬೇಕು. ಇನ್ನು "ನಿಮ್ಮ ಮಗನನ್ನು ಪೊಲೀಸರು ಹಿಡಿದಿದ್ದಾರೆ, ಕೂಡಲೇ ಹಣ ಕಳುಹಿಸಿ" ಎಂಬ ಕರೆ ಬಂದರೆ, ಹಣ ಕಳುಹಿಸುವ ಮೊದಲು ಮಗನಿಗೇ ಫೋನು ಮಾಡಿರಿ. ಇಂಥ ಕರೆಗಳು ಮೋಸಗಾರರವು.

ರಜೆಗೆ ಊರಿಗೆ ಬಂದು ಹಿಂತಿರುಗಿದವರಿಗೆ ಜ್ವರ ಬಂದಾಗ, ತಾನು ಇತ್ತೀಚೆಗೆ ಕರ್ನಾಟಕಕ್ಕೆ ಹೋಗಿದ್ದೆನೆಂದು ಡಾಕ್ಟರಿಗೆ ತಾನಾಗಿಯೇ ಹೇಳಬೇಕು. ಮಂಗಳೂರಿನ ಮಲೇರಿಯಾ, ಪೇಟೆಗಳ ಡೆಂಗಿ, ಮಲೆನಾಡಿನ ಮಂಗನ ಕಾಯಿಲೆ ಇವುಗಳನ್ನು ಇಂಗ್ಲೆಂಡಿನ ಡಾಕ್ಟರು ಕೇಳದೆ ಊಹಿಸಲಾರರು. ಮಲೇರಿಯಾದ ಒಂದು ಬಗೆಯು ಸೊಳ್ಳೆ ಕಚ್ಚಿ ತಿಂಗಳುಗಳಾದ ಮೇಲೂ ತಲೆಯೆತ್ತಬಹುದು.

ಕೊನೆಯದಾಗಿ, ಒಂದು ಹಾಳೆಯಲ್ಲಿ ಮಗುವಿನ ಪೂರ್ಣ ವಿಳಾಸ, ವಿದ್ಯಾರ್ಥಿ ಸಂಖ್ಯೆ, ಪಾಸ್‌ಪೋರ್ಟ್ ಸಂಖ್ಯೆ, ಅಲ್ಲಿಯ ಡಾಕ್ಟರ ಚಿಕಿತ್ಸಾಲಯದ ಹೆಸರು, ಇಬ್ಬರು ಸ್ನೇಹಿತರ ಫೋನು, ವಿಶ್ವವಿದ್ಯಾಲಯದ ರಕ್ಷಣಾ ವಿಭಾಗದ ಫೋನು, ಲಂಡನ್ನಿನ ಭಾರತೀಯ ಹೈಕಮಿಷನ್ನಿನ ಫೋನು ಇವಿಷ್ಟನ್ನು ದಪ್ಪ ಅಕ್ಷರದಲ್ಲಿ ಬರೆದು ಬೀರುವಿನ ಬಾಗಿಲ ಒಳಮೈಗೆ ಅಂಟಿಸಿರಿ. ಮೊಬೈಲಿನಲ್ಲಿದೆಯೆಂದು ಸುಮ್ಮನಿರಬೇಡಿರಿ, ಓದು ಬಾರದ ಅಜ್ಜಿ ಒಬ್ಬಳೇ ಮನೆಯಲ್ಲಿದ್ದಾಗ ಪಕ್ಕದ ಮನೆಯವರು ಬಂದು ಓದುವಂತಿರಲಿ. ಹಾಳೆಯ ತುದಿಯಲ್ಲಿ ಗಡಿಯಾರದ ಲೆಕ್ಕವೂ ಇರಲಿ: ನಮ್ಮ ರಾತ್ರಿ 9 ಗಂಟೆ ಎಂದರೆ ಅಲ್ಲಿ ಚಳಿಗಾಲದಲ್ಲಿ ಮಧ್ಯಾಹ್ನ 3 ಗಂಟೆ 30 ನಿಮಿಷ, ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ 4 ಗಂಟೆ 30 ನಿಮಿಷ.